ರಾತ್ರಿ ಕೂತು ಮಾಡಿದ ಆಲ್ಬಮ್ ಪುಟಗಳೆಲ್ಲ ನೀಲಿ ಆಗಿವೆ. ಲ್ಯಾಪ್‌ಟಾಪ್ ಸ್ಕ್ರೀನ್ ಬಣ್ಣ ಸರಿ ಮಾಡುವುದು ಹೇಗೆ?

ಸಾಗರ_ಸ್ಟುಡಿಯೋ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಚಿಕ್ಕ ಫೋಟೋ ಸ್ಟುಡಿಯೋ. ನಮ್ಮ ಯಜಮಾನರು ಮದುವೆ, ಉಪನಯನಗಳಿಗೆ ಹೋಗಿ ಫೋಟೋ ತೆಗೆಯುತ್ತಾರೆ. ಬಣ್ಣ ತಿದ್ದುವುದು, ಆಲ್ಬಮ್ ಜೋಡಿಸುವುದು ನನ್ನ ಕೆಲಸ.

ಹೋದ ವಾರ 40 ಪುಟದ ಒಂದು ಆಲ್ಬಮ್ ಪ್ರಿಂಟ್ ಆಗಿ ಬಂತು. ಮೊದಲ ಅರ್ಧ ತುಂಬಾ ಚೆನ್ನಾಗಿದೆ. ಅರಿಶಿನದ ಬಣ್ಣ ಅರಿಶಿನದ ಹಾಗೇ ಇದೆ. ಧಾರೆಯಿಂದ ಮುಂದಕ್ಕೆ ಏನೋ ತಪ್ಪಿದೆ. ಹುಡುಗನ ಹೆಗಲ ಮೇಲಿನ ಬಿಳಿ ಶಲ್ಯ ನೋಡಿದರೆ ನೀಲಿ ಜಾಸ್ತಿ ಹಾಕಿ ಒಗೆದ ಹಾಗಿದೆ. ಹುಡುಗಿಯ ಮುಖ ಜ್ವರ ಬಂದವರ ಹಾಗೆ ಬಾಡಿದೆ. ಲ್ಯಾಬ್‌ನವರನ್ನು ಕೇಳಿದೆ. ಫೈಲೇ ಹಾಗಿದೆ ಮೇಡಂ ಅಂದರು. ಆದರೆ ನಾನು ಕಳಿಸುವಾಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗೇ ಕಾಣುತ್ತಿತ್ತು.

ಹುಡುಗಿಯ ತಾಯಿ ಆಲ್ಬಮ್ ನೋಡಿ ಜಗಳ ಮಾಡಲಿಲ್ಲ. ಧಾರೆಯ ಪುಟ ಬಂದಾಗ ಮಾತ್ರ ಬೇಗ ತಿರುಗಿಸಿಬಿಟ್ಟರು. ನನಗೆ ಅದೇ ಜಾಸ್ತಿ ನೋವಾಗಿದ್ದು. ಮನೆಯವರೆಲ್ಲ ವರ್ಷಗಟ್ಟಲೆ ನೋಡಬೇಕಾದ ಪುಟ ಅದು.

ಈ ಲ್ಯಾಪ್‌ಟಾಪ್ ತಗೊಂಡು ನಾಲ್ಕು ತಿಂಗಳಾಯಿತು. ಸ್ಕ್ರೀನ್‌ನ ಬಣ್ಣವನ್ನು ಎಲ್ಲಿ ಸರಿ ಮಾಡಬೇಕು? ದಯವಿಟ್ಟು ಗೊತ್ತಿರುವವರು ಹೇಳಿ.

ಹುಬ್ಬಳ್ಳಿ_ರಿಪೇರಿ:

ಮೇಡಂ, ನನ್ನ ಹತ್ತಿರ ಬರುವ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳ ಪ್ಯಾನೆಲ್, ಅಂದರೆ ಸ್ಕ್ರೀನಿನ ಹಲಗೆ, ಸಾಮಾನ್ಯವಾಗಿ ನೀಲಿಗೆ ವಾಲಿರುತ್ತದೆ. ಅಂಗಡಿಯಲ್ಲಿ ಸಾಲಾಗಿ ಇಟ್ಟಾಗ ಸ್ವಲ್ಪ ನೀಲಿ ಇರುವ ಬಿಳಿಯೇ ಜಾಸ್ತಿ ಬೆಳ್ಳಗೆ ಕಾಣುತ್ತದೆ. ಹಳೇ ಪಂಚೆಗೆ ನೀಲಿ ಹಾಕುವುದೂ ಅದಕ್ಕೇ ಅಲ್ವಾ? ನಿಮ್ಮದೂ ಅದೇ ಇರಬೇಕು.

ಮಾನಿಟರ್‌ಗೆ ಇರುವ ಹಾಗೆ ಲ್ಯಾಪ್‌ಟಾಪ್‌ಗೆ ಬಣ್ಣದ ಬಟನ್ ಇರುವುದಿಲ್ಲ. ಎಲ್ಲ ಸಾಫ್ಟ್‌ವೇರ್‌ನಲ್ಲೇ ಮಾಡಬೇಕು. ವಿಂಡೋಸ್ ಸರ್ಚ್‌ನಲ್ಲಿ 'ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್' ಅಂತ ಹುಡುಕಿ. ಕೊನೆಗೆ ಕೆಂಪು, ಹಸಿರು, ನೀಲಿ ಅಂತ ಮೂರು ಪಟ್ಟಿ ಬರುತ್ತವೆ. ನೀಲಿಯನ್ನು ಸ್ವಲ್ಪ ಎಡಕ್ಕೆ ಎಳೆಯಿರಿ. ಎಎಮ್‌ಡಿ ಗ್ರಾಫಿಕ್ಸ್ ಇದ್ದರೆ ಅವರದೇ ಅಡ್ರಿನಲಿನ್ ಸಾಫ್ಟ್‌ವೇರ್‌ನಲ್ಲಿ ಕಲರ್ ಟೆಂಪರೇಚರ್ ಅಂತಲೇ ಒಂದು ಪಟ್ಟಿ ಇದೆ.

ಬೆಂಗಳೂರು_ಪ್ರೆಸ್:

ಸ್ವಲ್ಪ ತಡೆಯಿರಿ ಅಕ್ಕ, ಇನ್ನೂ ಯಾವ ಪಟ್ಟಿಯನ್ನೂ ಎಳೆಯಬೇಡಿ. ನಾನು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಬಣ್ಣ ತಿದ್ದುವ ಕೆಲಸ ಮಾಡುತ್ತೇನೆ.

ಹುಬ್ಬಳ್ಳಿ ಅಣ್ಣ ಹೇಳಿದ್ದು ಪ್ಯಾನೆಲ್ ವಿಷಯದಲ್ಲಿ ನಿಜ. ಆದರೆ ಇಲ್ಲಿ ಲೆಕ್ಕ ಉಲ್ಟಾ ಇದೆ. ಸ್ಕ್ರೀನ್ ನೀಲಿಯಾಗಿದ್ದರೆ ಫೋಟೋ ನಿಮಗೆ ನೀಲಿಯಾಗಿ ಕಾಣುತ್ತದೆ. ಅದನ್ನು ಸರಿ ಮಾಡಲು ನೀವು ಹಳದಿ ಸೇರಿಸುತ್ತೀರಿ. ಆಗ ಪ್ರಿಂಟ್ ಹಳದಿಯಾಗಿ ಬರಬೇಕು. ನಿಮಗೆ ಬಂದಿರುವುದು ನೀಲಿ. ಅಂದರೆ ತಿದ್ದುವಾಗ ನಿಮ್ಮ ಸ್ಕ್ರೀನ್ ಹಳದಿಯಾಗಿತ್ತು. ಇಲ್ಲದ ಹಳದಿಯನ್ನು ನೀವು ಫೋಟೋದಿಂದ ತೆಗೆದಿದ್ದೀರಿ.

ಇನ್ನೊಂದು ವಿಷಯ. ಪ್ಯಾನೆಲ್ಲೇ ಕೆಟ್ಟಿದ್ದರೆ 40 ಪುಟವೂ ಕೆಡಬೇಕಿತ್ತು. ಅರ್ಧ ಮಾತ್ರ ಯಾಕೆ? ಮೊದಲ ಅರ್ಧ ಯಾವಾಗ ಮಾಡಿದಿರಿ, ಎರಡನೇ ಅರ್ಧ ಯಾವಾಗ ಮಾಡಿದಿರಿ?

ಸಾಗರ_ಸ್ಟುಡಿಯೋ:

ಮೊದಲ ಅರ್ಧ ಭಾನುವಾರ ಮಧ್ಯಾಹ್ನ. ಮಕ್ಕಳು ಅಜ್ಜಿ ಮನೆಗೆ ಹೋಗಿದ್ದರು. ಉಳಿದಿದ್ದು ಮೂರು ರಾತ್ರಿ, ಮಕ್ಕಳು ಮಲಗಿದ ಮೇಲೆ. ಹತ್ತರಿಂದ ಒಂದು ಗಂಟೆವರೆಗೆ.

ಬೆಂಗಳೂರು_ಪ್ರೆಸ್:

ನೈಟ್ ಲೈಟ್ ಇರಬೇಕು, ಅಂದರೆ ರಾತ್ರಿ ಹೊತ್ತು ಸ್ಕ್ರೀನನ್ನು ತಾನಾಗಿಯೇ ಹಳದಿ ಮಾಡುವ ಸೌಲಭ್ಯ. ವಿಂಡೋಸ್‌ನ ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಡಿಸ್‌ಪ್ಲೇ ನೋಡಿ. ಅಲ್ಲಿ ನೈಟ್ ಲೈಟ್ ಅಂತ ಇದೆ. 'ಸನ್‌ಸೆಟ್ ಟು ಸನ್‌ರೈಸ್' ಅಂತ ಆನ್ ಆಗಿದೆಯಾ?

ಸಾಗರ_ಸ್ಟುಡಿಯೋ:

ಹೌದು ಸರ್. ಆನ್ ಇದೆ. ಪಟ್ಟಿ ಮುಕ್ಕಾಲು ಭಾಗ ಬಲಕ್ಕೆ ಇದೆ. ಲ್ಯಾಪ್‌ಟಾಪ್ ಸೆಟಪ್ ಮಾಡಿಕೊಟ್ಟಿದ್ದು ನನ್ನ ಮೈದುನ. ಅತ್ತಿಗೆ ರಾತ್ರಿ ಕೆಲಸ ಮಾಡ್ತಾರೆ, ಕಣ್ಣಿಗೆ ಒಳ್ಳೆಯದು ಅಂತ ಹಾಕಿದನಂತೆ. ಈಗ ಫೋನ್ ಮಾಡಿ ಕೇಳಿದೆ. ಪಾಪ, ಅವನು ಒಳ್ಳೇದಕ್ಕೇ ಮಾಡಿದ್ದು.

ಆದರೆ ನನಗೆ ಒಂದು ಅರ್ಥವಾಗುತ್ತಿಲ್ಲ. ಇಷ್ಟು ಹಳದಿ ಇದ್ದರೂ ನನ್ನ ಕಣ್ಣಿಗೆ ಯಾಕೆ ಗೊತ್ತಾಗಲಿಲ್ಲ? ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ಬೆಂಗಳೂರು_ಪ್ರೆಸ್:

ಅದು ಯಾರಿಗೂ ಗೊತ್ತಾಗುವುದಿಲ್ಲ ಅಕ್ಕ. ಕಣ್ಣು ಮತ್ತು ಮಿದುಳು ಹಾಗೇ ಇವೆ. ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚಿ ಪುಸ್ತಕ ತೆಗೆಯಿರಿ. ಕಾಗದ ಬಿಳಿಯಾಗೇ ಕಾಣುತ್ತದೆ. ನಿಜವಾಗಿ ಆ ಕಾಗದದಿಂದ ಕಣ್ಣಿಗೆ ಬರುವ ಬೆಳಕು ಕಿತ್ತಳೆ ಬಣ್ಣದ್ದು. ಇದು ಬಿಳಿ ಕಾಗದ ಅಂತ ಮಿದುಳು ಒಪ್ಪಿಕೊಂಡು ಉಳಿದ ಬಣ್ಣಗಳನ್ನೂ ಅದಕ್ಕೆ ತಕ್ಕಂತೆ ಸರಿಸಿಬಿಡುತ್ತದೆ. ಅದರ ಮೇಲೆ ನೈಟ್ ಲೈಟ್ ಟೈಮ್‌ಗೆ ಆನ್ ಆಗುವಾಗ ನಿಧಾನವಾಗಿ ಏರುತ್ತದೆ. ಬದಲಾಗಿದ್ದೇ ತಿಳಿಯುವುದಿಲ್ಲ.

ಆದರೆ ಈ ಹೊಂದಾಣಿಕೆ ಪೂರ್ತಿ ಆಗುವುದಿಲ್ಲ. ಸ್ವಲ್ಪ ಹಳದಿ ಉಳಿದೇ ಉಳಿಯುತ್ತದೆ. ಆ ಉಳಿದದ್ದನ್ನೇ ನೀವು ಫೋಟೋದಿಂದ ತೆಗೆದಿದ್ದು.

ಈಗ ಕೆಲ್ವಿನ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕುಲುಮೆಯಲ್ಲಿ ಕಬ್ಬಿಣ ಕಾಯಿಸಿದರೆ ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿಗೆ ಹತ್ತಿರ ಬರುತ್ತದೆ. ಕಬ್ಬಿಣ ಅಷ್ಟು ಶಾಖ ತಡೆಯುವುದಿಲ್ಲ, ಆದರೆ ಶಾಖ ಇನ್ನೂ ತುಂಬಾ ಮೇಲೆ ಹೋದರೆ ನೀಲಿ ಛಾಯೆ. ಬೆಳಕಿನ ಬಣ್ಣವನ್ನು ಆ ಶಾಖದ ಅಂಕಿಯಿಂದಲೇ ಹೇಳುತ್ತಾರೆ, ಆ ಶಾಖದ ಅಳತೆಯೇ ಕೆಲ್ವಿನ್. ಮೇಣದಬತ್ತಿ ಸುಮಾರು 1900 ಕೆಲ್ವಿನ್. ಹಳೇ ಗಾಜಿನ ಬಲ್ಬ್ 2700. ಮಧ್ಯಾಹ್ನದ ಬಿಸಿಲು ಸುಮಾರು 5500. ಕಂಪ್ಯೂಟರ್ ಸ್ಕ್ರೀನ್‌ನ ಬಿಳಿ 6500 ಇರಬೇಕು ಅಂತ ಒಪ್ಪಂದ. ಇಂಟರ್ನೆಟ್‌ನ ಚಿತ್ರಗಳು ಬಳಸುವ ಎಸ್‌ಆರ್‌ಜಿಬಿ ಮಾನದಂಡದಲ್ಲೂ ಬಿಳಿ ಅಂದರೆ ಅದೇ 6500.

ಅಂಕಿ ಜಾಸ್ತಿ ಆದಷ್ಟೂ ನೀಲಿ, ಕಡಿಮೆ ಆದಷ್ಟೂ ಹಳದಿ. ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ನ ಟೆಂಪರೇಚರ್ ಪಟ್ಟಿ ಮಾತ್ರ ಇದಕ್ಕೆ ತಿರುಗುಮುರುಗು. ಅಲ್ಲಿ ಅಂಕಿ ಏರಿಸಿದರೆ ಫೋಟೋ ಹಳದಿ ಆಗುತ್ತದೆ. ಯಾಕೆಂದರೆ ಅಲ್ಲಿ ನೀವು ಹೇಳುವುದು ಫೋಟೋ ತೆಗೆದಾಗ ಇದ್ದ ಬೆಳಕಿನ ಅಂಕಿ. ಬೆಳಕು ಅಷ್ಟು ನೀಲಿಯಾಗಿತ್ತು ಅಂತ ಹೇಳಿದರೆ ಅದು ಹಳದಿ ಸೇರಿಸಿ ಸರಿದೂಗಿಸುತ್ತದೆ. ಇದರಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಹುಬ್ಬಳ್ಳಿ_ರಿಪೇರಿ:

ನೀವು ಹೇಳಿದ್ದು ಸರಿ ಸರ್. ಅರ್ಧ ಆಲ್ಬಮ್ ಮಾತ್ರ ಕೆಟ್ಟಿರುವ ವಿಷಯ ನಾನು ಗಮನಿಸಲೇ ಇಲ್ಲ.

ಮೇಡಂ, ಒಂದು ಪರೀಕ್ಷೆ ಮಾಡಿ ನೋಡಿ. ನೈಟ್ ಲೈಟ್ ಆನ್ ಇರುವಾಗ ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ಗೆ ಕಳಿಸಿ. ಆ ಚಿತ್ರದಲ್ಲಿ ಹಳದಿ ಇರುವುದಿಲ್ಲ. ನೈಟ್ ಲೈಟ್ ಫೈಲನ್ನು ಮುಟ್ಟುವುದೇ ಇಲ್ಲ. ಗ್ರಾಫಿಕ್ಸ್ ಕಾರ್ಡ್‌ನಿಂದ ಪ್ಯಾನೆಲ್‌ಗೆ ಹೋಗುವ ಕೊನೇ ಹಂತದಲ್ಲಿ ನೀಲಿಯನ್ನು ಜಾಸ್ತಿ, ಹಸಿರನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. 3500ರ ಹತ್ತಿರ ಇಟ್ಟರೆ ನೀಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಬೆಂಗಳೂರು_ಪ್ರೆಸ್:

ಅದೇ ಕಾರಣಕ್ಕೆ ಫೋಟೋಶಾಪ್‌ನ ಇನ್ಫೋ ಕಿಟಕಿಯಲ್ಲಿ ಬರುವ ಅಂಕಿಗಳೂ ಬದಲಾಗುವುದಿಲ್ಲ. ಅಕ್ಕ, ಆ ಶಲ್ಯದ ಮೇಲೆ ಕರ್ಸರ್ ಇಟ್ಟು ಮೂರು ಅಂಕಿ ಹೇಳಿ. ಮಡಿಕೆಯ ನೆರಳಲ್ಲಿ ಬೇಡ, ಬೆಳಕು ಬಿದ್ದ ಕಡೆ ಇಡಿ. ಮೊದಲ ಅರ್ಧದ ಒಂದು ಫೋಟೋ, ಧಾರೆಯ ಒಂದು ಫೋಟೋ.

ಸಾಗರ_ಸ್ಟುಡಿಯೋ:

ಭಾನುವಾರದ್ದು: ಕೆಂಪು 219, ಹಸಿರು 218, ನೀಲಿ 215.
ಧಾರೆಯದ್ದು: ಕೆಂಪು 206, ಹಸಿರು 214, ನೀಲಿ 229.

ಅಯ್ಯೋ. ಇಷ್ಟು ದಿನ ಈ ಕಿಟಕಿ ಮುಚ್ಚಿಟ್ಟುಕೊಂಡೇ ಕೆಲಸ ಮಾಡುತ್ತಿದ್ದೆ.

ಬೆಂಗಳೂರು_ಪ್ರೆಸ್:

ನೋಡಿ, ಮೊದಲನೆಯದರಲ್ಲಿ ಮೂರೂ ಹತ್ತಿರ ಹತ್ತಿರ ಇವೆ. ಅದು ಬಿಳಿ ಹತ್ತಿ ಬಟ್ಟೆ. ಎರಡನೆಯದರಲ್ಲಿ ನೀಲಿ ಕೆಂಪಿಗಿಂತ 23 ಮುಂದಿದೆ. ಲ್ಯಾಬ್‌ನವರು ಹೇಳಿದ್ದು ನಿಜ.

ಒಂದು ಎಚ್ಚರಿಕೆ. ಅಳತೆಗೆ ರೇಷ್ಮೆ ಪಂಚೆ ಹಿಡಿಯಬೇಡಿ. ಅದರ ಸಹಜ ಬಣ್ಣವೇ ಕೆನೆ. ಅದನ್ನು ಅಚ್ಚ ಬಿಳಿ ಮಾಡಲು ಹೋದರೆ ಮತ್ತೆ ಎಲ್ಲ ನೀಲಿಗೆ ವಾಲುತ್ತದೆ. ಬಾಳೆಎಲೆ ಮೇಲಿನ ಅನ್ನವೂ ಬೇಡ, ಎಲೆಯ ಹಸಿರು ಅದಕ್ಕೆ ತಾಗಿರುತ್ತದೆ. ಯಜಮಾನರಿಗೆ ಒಂದು ಗ್ರೇ ಕಾರ್ಡ್ ಕೊಡಿ, ಅಂದರೆ ಬೇರೆ ಯಾವ ಛಾಯೆಯೂ ಇಲ್ಲದ ಬೂದು ಬಣ್ಣದ ಕಾರ್ಡ್. ಮಂಟಪದಲ್ಲಿ ಬೆಳಕು ಬದಲಾದಾಗಲೆಲ್ಲ ಅದರದ್ದು ಒಂದು ಫೋಟೋ ತೆಗೆಯಲಿ. ಮದುವೆ ಮನೆಯಲ್ಲಿ ಹಳದಿ ಹ್ಯಾಲೋಜನ್ ಒಂದು ಕಡೆ, ವಿಡಿಯೋದವರ ಬಿಳಿ ಎಲ್‌ಇಡಿ ಇನ್ನೊಂದು ಕಡೆ ಇರುತ್ತದೆ. ಆ ಗಲಾಟೆಯಲ್ಲಿ ಬೂದು ಕಾರ್ಡ್ ಒಂದೇ ಗಟ್ಟಿ ಗುರುತು.

ಗದಗ_ಡಿಟಿಪಿ:

ಈ ಚರ್ಚೆ ಓದಿ ನನ್ನದೂ ಒಂದು ಅನುಭವ ಹೇಳಬೇಕು ಅನ್ನಿಸಿತು. ನಾನು ಇಪ್ಪತ್ತು ವರ್ಷದಿಂದ ಕನ್ನಡ ಪುಸ್ತಕಗಳ ಡಿಟಿಪಿ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತಿದ್ದೇನೆ. ನನಗೆ ಬಣ್ಣ ಬೇಕಿಲ್ಲ, ಅಕ್ಷರ ಕಾಣಬೇಕು. ಅದಕ್ಕೆ ಸ್ಕ್ರೀನ್ ತುಂಬಾ ಹಳದಿ ಮಾಡಿಕೊಂಡೆ, ಬ್ರೈಟ್‌ನೆಸ್ ಕೂಡ ಪೂರ್ತಿ ಇಳಿಸಿದೆ. ಕಣ್ಣಿಗೆ ತಂಪು ಅನ್ನಿಸಿತು. ಆದರೆ ತಪ್ಪುಗಳು ತಪ್ಪಿಸಿಕೊಳ್ಳತೊಡಗಿದವು. 'ದ' ಮತ್ತು 'ಧ', 'ಬ' ಮತ್ತು 'ಭ', 'ಪ' ಮತ್ತು 'ಫ'. ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಮಂಕು ಹಳದಿಯಲ್ಲಿ ಮೊದಲು ಮಾಯವಾಗುವುದೇ ಆ ಗೀಟು. ಒಂದು ಪುಸ್ತಕದಲ್ಲಿ 'ಧನ' ಇರಬೇಕಾದ ಕಡೆಯೆಲ್ಲ 'ದನ' ಅಂತ ಉಳಿದುಬಿಟ್ಟಿತ್ತು. ಲೇಖಕರ ಮುಖ ನೋಡಲು ಆಗಲಿಲ್ಲ.

ಈಗ 5000ದ ಆಸುಪಾಸು ಇಟ್ಟುಕೊಂಡಿದ್ದೇನೆ. ಅಕ್ಷರವನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿ ಓದುತ್ತೇನೆ. ಬಣ್ಣಕ್ಕಿಂತ ಇದರಿಂದಲೇ ಜಾಸ್ತಿ ಆರಾಮ ಸಿಕ್ಕಿತು.

ಸಾಗರ_ಸ್ಟುಡಿಯೋ:

ಧನ್ಯವಾದ ಸರ್. ನಿಮ್ಮ ನೋವು ಅರ್ಥವಾಗುತ್ತದೆ.

ನಿನ್ನೆ ರಾತ್ರಿ ನೈಟ್ ಲೈಟ್ ಆಫ್ ಮಾಡಿ ಕೂತೆ. ಬಣ್ಣವೇನೋ ಸರಿ ಬಂತು. ಆದರೆ ಒಂದು ಗಂಟೆಯಲ್ಲೇ ಕಣ್ಣು ಉರಿ ಶುರುವಾಯಿತು. ನೀಲಿ ಬೆಳಕಿನಿಂದ ಕಣ್ಣು ಹಾಳಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ಕಣ್ಣು ಉಳಿಸಿಕೊಳ್ಳಬೇಕೋ, ಬಣ್ಣ ಉಳಿಸಿಕೊಳ್ಳಬೇಕೋ?

ಮೈಸೂರು_ಕಣ್ಣು:

ನಾನು ಮೈಸೂರಿನಲ್ಲಿ ಆಪ್ಟೊಮೆಟ್ರಿಸ್ಟ್, ಕಣ್ಣು ಪರೀಕ್ಷಿಸುವುದು ನನ್ನ ಕೆಲಸ. ಮೊದಲು ಒಂದು ಪ್ರಶ್ನೆ. ನಿಮ್ಮ ವಯಸ್ಸು ಎಷ್ಟು ಮೇಡಂ? ಕೊನೇ ಸಲ ಕಣ್ಣು ತೋರಿಸಿದ್ದು ಯಾವಾಗ?

ಸಾಗರ_ಸ್ಟುಡಿಯೋ:

42. ಕಣ್ಣು ತೋರಿಸಿದ್ದು ಕಾಲೇಜಿನಲ್ಲಿದ್ದಾಗ.

ಮೈಸೂರು_ಕಣ್ಣು:

ಹಾಗಾದರೆ ದಯವಿಟ್ಟು ಈ ತಿಂಗಳಲ್ಲೇ ತೋರಿಸಿ. ನಲವತ್ತು ದಾಟಿದ ಮೇಲೆ ಹತ್ತಿರದ್ದನ್ನು ನೋಡಲು ಕಣ್ಣಿನ ಮಸೂರಕ್ಕೆ ಕಷ್ಟವಾಗುತ್ತದೆ. ನಮ್ಮ ಹಿರಿಯರು ಚಾಳೀಸು ಅಂತ ಹೆಸರಿಟ್ಟಿದ್ದು ಅದಕ್ಕೇ. ಚಾಳೀಸು ಬೇಕಾದ ಕಣ್ಣಿಗೆ ಸ್ಕ್ರೀನ್ ಎಷ್ಟು ಹಳದಿ ಮಾಡಿದರೂ ಆಯಾಸ ಹೋಗುವುದಿಲ್ಲ.

ಇನ್ನು ನೀಲಿ ಬೆಳಕು. ಸ್ಕ್ರೀನ್‌ನ ನೀಲಿ ಬೆಳಕಿನಿಂದ ಕಣ್ಣಿಗೆ ರೋಗ ಬರುತ್ತದೆ ಅನ್ನಲು ಆಧಾರ ಇಲ್ಲ ಎಂದು ಅಮೆರಿಕದ ನೇತ್ರವೈದ್ಯರ ಸಂಸ್ಥೆ, ಅಮೆರಿಕನ್ ಅಕಾಡೆಮಿ ಆಫ್ ಆಫ್ತಾಲ್ಮಾಲಜಿ, ಹೇಳಿದೆ. ಕಂಪ್ಯೂಟರ್‌ಗೆ ಅಂತ ವಿಶೇಷ ಕನ್ನಡಕವನ್ನೂ ಅವರು ಸೂಚಿಸುವುದಿಲ್ಲ. ನೀಲಿ ತಡೆಯುವ ಕನ್ನಡಕಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಕೊಕ್ರೇನ್ ಸಂಸ್ಥೆ 2023ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಕಂಪ್ಯೂಟರ್ ಕೆಲಸದ ಆಯಾಸ ಅವುಗಳಿಂದ ಕಡಿಮೆಯಾಗುವ ಹಾಗೆ ಕಾಣಲಿಲ್ಲ. ನನ್ನ ಹತ್ತಿರ ಬರುವವರಿಗೆ ನಾನು ಆ ಕನ್ನಡಕಕ್ಕೆ ದುಡ್ಡು ಹಾಕಬೇಡಿ ಅಂತಲೇ ಹೇಳುತ್ತೇನೆ.

ಉರಿ ಬರುವುದು ಮುಖ್ಯವಾಗಿ ರೆಪ್ಪೆ ಬಡಿಯದೇ ಇರುವುದರಿಂದ. ಸ್ಕ್ರೀನ್ ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ತುಂಬಾ ಕಡಿಮೆಯಾಗುತ್ತದೆ. ಕಣ್ಣು ಒಣಗುತ್ತದೆ. ಎದುರಿಗೆ ಫ್ಯಾನ್ ಇದ್ದರೆ ಇನ್ನೂ ಜಾಸ್ತಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ. ಕತ್ತಲೆ ಕೋಣೆಯಲ್ಲಿ ಕೂರಬೇಡಿ. ಸ್ಕ್ರೀನ್‌ನ ಬಿಳಿ ಪುಟದ ಪಕ್ಕ ಒಂದು ಬಿಳಿ ಕಾಗದ ಹಿಡಿಯಿರಿ. ಸ್ಕ್ರೀನ್ ದೀಪದ ಹಾಗೆ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸಿ, ಎರಡೂ ಒಂದೇ ಮಟ್ಟಕ್ಕೆ ಬರಲಿ.

ನಿದ್ದೆಯ ವಿಷಯ ಬೇರೆ. ಹೊತ್ತು ಯಾವುದು ಅಂತ ದೇಹಕ್ಕೆ ತಿಳಿಸುವ ಕೆಲವು ಕೋಶಗಳು ಕಣ್ಣಿನ ಒಳಪದರದಲ್ಲಿವೆ. ಅವಕ್ಕೆ 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಜಾಸ್ತಿ ನಾಟುತ್ತದೆ. ನೈಟ್ ಲೈಟ್ ಮಾಡಿದ್ದೇ ಈ ತಿಳಿವಳಿಕೆಯ ಮೇಲೆ. ಆದರೆ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2021ರಲ್ಲಿ ನೈಟ್ ಲೈಟ್‌ನಂಥದ್ದೇ ಆದ ಐಫೋನ್‌ನ ನೈಟ್ ಶಿಫ್ಟ್ ಪರೀಕ್ಷಿಸಿದಾಗ, ಅದು ಆನ್ ಇದ್ದವರ ಮತ್ತು ಇಲ್ಲದವರ ನಿದ್ದೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ರಾತ್ರಿ ಒಂದರವರೆಗೆ ಎದ್ದಿದ್ದರೆ ಸ್ಕ್ರೀನ್ ಯಾವ ಬಣ್ಣ ಇದ್ದರೂ ನಿದ್ದೆ ಕೆಡುತ್ತದೆ. ಹಳದಿ ಸ್ಕ್ರೀನ್ ನಿಮಗೆ ಹಿತ ಅನ್ನಿಸಿದರೆ ಖಂಡಿತ ಬಳಸಿ. ಅದು ನಿಮ್ಮ ಹಿತದ ಪ್ರಶ್ನೆ, ಕಾಯಿಲೆಯ ಭಯದಿಂದ ಬಳಸಬೇಕಾಗಿಲ್ಲ.

ಲಿನಕ್ಸ್_ಶಿರಸಿ:

ಲಿನಕ್ಸ್ ಬಳಸುವವರಿಗೆ ಒಂದು ಮಾತು. ಅದರ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಗ್ನೋಮ್‌ನಲ್ಲಿ 2017ರಿಂದಲೇ ನೈಟ್ ಲೈಟ್ ಇದೆ, ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಭಾಗದಲ್ಲಿ ಸಿಗುತ್ತದೆ. ಇನ್ನೊಂದು ಡೆಸ್ಕ್‌ಟಾಪ್ ಕೆಡಿಇಯಲ್ಲಿ ಮೊದಲು ನೈಟ್ ಕಲರ್ ಅಂತ ಹೆಸರಿತ್ತು, ಹೊಸ ಆವೃತ್ತಿಯಲ್ಲಿ ಅದೂ ನೈಟ್ ಲೈಟ್. ಹಗುರ ಡೆಸ್ಕ್‌ಟಾಪ್‌ಗಳಲ್ಲಿ ನಾನು ಅದೇ ಕೆಲಸ ಮಾಡುವ ರೆಡ್‌ಶಿಫ್ಟ್ ಸಾಫ್ಟ್‌ವೇರ್ ಹಾಕುತ್ತೇನೆ. ಟರ್ಮಿನಲ್‌ನಲ್ಲಿ ರೆಡ್‌ಶಿಫ್ಟ್ ಅಂತ ಬರೆದು, ಒಂದು ಡ್ಯಾಶ್, ದೊಡ್ಡ ಅಕ್ಷರದ ಓ, ಆಮೇಲೆ 4500 ಕೊಟ್ಟರೆ ತಕ್ಷಣ ಆ ಬಣ್ಣಕ್ಕೆ ಬರುತ್ತದೆ. ಡ್ಯಾಶ್ ಮತ್ತು ಸಣ್ಣ ಎಕ್ಸ್ ಕೊಟ್ಟರೆ ಮೊದಲಿನ ಹಾಗೆ. ಸ್ಕ್ರೀನ್ ಮೇಲೆ ಚಿತ್ರ ತೋರಿಸುವ ಲಿನಕ್ಸ್‌ನ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲಿ ರೆಡ್‌ಶಿಫ್ಟ್ ಸರಿಯಾಗಿ ನಡೆಯುವುದಿಲ್ಲ. ಅಲ್ಲಿ ಅದರದೇ ಕವಲು ಗ್ಯಾಮಸ್ಟೆಪ್ ನೋಡಿ.

ಸ್ಟಾಕ್‌ಹೋಮ್_ಕನ್ನಡತಿ:

'ಸನ್‌ಸೆಟ್ ಟು ಸನ್‌ರೈಸ್' ಬಗ್ಗೆ ಹೇಳಬೇಕು. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಆರರಿಂದ ಏಳು ಗಂಟೆಯ ಒಳಗೆ. ಊರಲ್ಲಿದ್ದಾಗ ನಾನು ಅದರ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ಇಲ್ಲಿ ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಫೀಸಿನಲ್ಲಿ ಕೆಲಸದ ನಡುವೆ ಸ್ಕ್ರೀನ್ ಹಳದಿ ಆಗಿಬಿಡುತ್ತಿತ್ತು. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಆಗುತ್ತಿರಲಿಲ್ಲ. ಕೊನೆಗೆ ಗಂಟೆ ನಾನೇ ಬರೆದುಕೊಟ್ಟೆ, ರಾತ್ರಿ 9ರಿಂದ ಬೆಳಿಗ್ಗೆ 6. ಪರದೇಶದಲ್ಲಿರುವವರು ಹೀಗೇ ಮಾಡಿ.

ಬೆಂಗಳೂರು_ಪ್ರೆಸ್:

ಅಕ್ಕ, ರಾತ್ರಿ ಹಳದಿ ಸ್ಕ್ರೀನ್, ಸರಿಯಾದ ಬಣ್ಣ ಎರಡೂ ಬೇಕು ಅಂದರೆ ಎಫ್‌ಲಕ್ಸ್ ನೋಡಿ. ನೈಟ್ ಲೈಟ್‌ನ ಕೆಲಸವನ್ನೇ ಅದಕ್ಕಿಂತ ಎಷ್ಟೋ ವರ್ಷ ಮೊದಲಿನಿಂದ ಮಾಡುತ್ತಿರುವ ಉಚಿತ ಸಾಫ್ಟ್‌ವೇರ್ ಅದು. ವಿಂಡೋಸ್‌ನ ನೈಟ್ ಲೈಟ್ ಬಂದಿದ್ದು 2017ರಲ್ಲಿ. ಎಫ್‌ಲಕ್ಸ್ ಕೆಲ್ವಿನ್ ಅಂಕಿಯನ್ನೇ ತೋರಿಸುತ್ತದೆ. ಫೋಟೋಶಾಪ್ ತೆರೆದಾಗ ಮಾತ್ರ ಆಫ್ ಆಗು ಅಂತಲೂ ಹೇಳಬಹುದು. ಎರಡನ್ನೂ ಒಟ್ಟಿಗೆ ಇಡಬೇಡಿ, ನೈಟ್ ಲೈಟ್ ಆಫ್ ಮಾಡಿಯೇ ಇದನ್ನು ಹಾಕಿ.

ಆಫ್ ಮಾಡಿದ ತಕ್ಷಣ ಬಣ್ಣ ತಿದ್ದಲು ಕೂರಬೇಡಿ. ಕಣ್ಣು ಹೊಸ ಬಿಳಿಗೆ ಹೊಂದಿಕೊಳ್ಳಲಿ, ಹತ್ತು ನಿಮಿಷ ಬೇರೆ ಏನಾದರೂ ಮಾಡಿ. ಕೋಣೆಯ ದೀಪವನ್ನೂ ನೋಡಿಕೊಳ್ಳಿ. ಬಲ್ಬ್‌ನ ಡಬ್ಬಿಯ ಮೇಲೆ ಕೆಲ್ವಿನ್ ಬರೆದಿರುತ್ತದೆ. 6500 ಇದ್ದರೆ ಸ್ಕ್ರೀನ್‌ಗೆ ಹೊಂದುತ್ತದೆ. ವಾರ್ಮ್ ವೈಟ್ ಇದ್ದರೆ ಅದರ ಪಕ್ಕದಲ್ಲಿ ಸರಿಯಿರುವ ಸ್ಕ್ರೀನ್ ಕೂಡ ನೀಲಿ ಅನ್ನಿಸುತ್ತದೆ.

ಇಷ್ಟಾದ ಮೇಲೂ ಹುಬ್ಬಳ್ಳಿ ಅಣ್ಣ ಹೇಳಿದ ಪ್ಯಾನೆಲ್ ಪ್ರಶ್ನೆ ಉಳಿದೇ ಇದೆ. ಕಣ್ಣಳತೆಯಲ್ಲಿ ಮೂರು ಪಟ್ಟಿ ಎಳೆಯುವುದು ನನಗೆ ಒಪ್ಪಿಗೆ ಇಲ್ಲ. ಮೋಸ ಹೋಗುವ ಕಣ್ಣನ್ನೇ ಮತ್ತೆ ತಕ್ಕಡಿ ಮಾಡಿದ ಹಾಗಾಗುತ್ತದೆ. ಸ್ಕ್ರೀನ್ ಮೇಲೆ ಇಟ್ಟು ಅಳೆಯುವ ಕಲರಿಮೀಟರ್ ಸಿಗುತ್ತದೆ, ಡೇಟಾಕಲರ್ ಕಂಪನಿಯ ಸ್ಪೈಡರ್ ಅಥವಾ ಕ್ಯಾಲಿಬ್ರೈಟ್ ಕಂಪನಿಯದು. ಒಬ್ಬರಿಗೆ ದುಬಾರಿ. ಆದರೆ ತಿಂಗಳಿಗೆ ಒಂದು ಸಲ ಅರ್ಧ ಗಂಟೆ ಸಾಕು. ನಿಮ್ಮ ತಾಲ್ಲೂಕಿನ ಛಾಯಾಗ್ರಾಹಕರೆಲ್ಲ ಸೇರಿ ಒಂದು ತಗೊಳ್ಳಬಹುದಲ್ಲ? ಲ್ಯಾಪ್‌ಟಾಪ್ ಅರ್ಧ ಗಂಟೆ ಬಿಸಿಯಾದ ಮೇಲೆ, ಬಿಳಿ 6500, ಗ್ಯಾಮಾ (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಏರುವ ರೀತಿ) 2.2, ಬ್ರೈಟ್‌ನೆಸ್ ಚದರ ಮೀಟರ್‌ಗೆ 120 ಕ್ಯಾಂಡೆಲಾ ಇಟ್ಟು ಮಾಡಿ. ಅಳೆದ ಮೇಲೆ ಬಣ್ಣ ಸರಿ ಮಾಡುವ ಒಂದು ಫೈಲ್, ಅಂದರೆ ಪ್ರೊಫೈಲ್, ಬರುತ್ತದೆ; ಒಂದು ಲ್ಯಾಪ್‌ಟಾಪ್‌ನದ್ದನ್ನು ಇನ್ನೊಂದಕ್ಕೆ ಹಾಕಬೇಡಿ.

ಪ್ರಿಂಟ್ ಬಂದಾಗ ಕಿಟಕಿ ಪಕ್ಕ ಹಗಲು ಬೆಳಕಲ್ಲಿ ನೋಡಿ. ಪ್ರೆಸ್‌ನಲ್ಲಿ ನಾವು 5000 ಕೆಲ್ವಿನ್ ದೀಪದ ಕೆಳಗೇ ನೋಡುತ್ತೇವೆ.

ಹುಬ್ಬಳ್ಳಿ_ರಿಪೇರಿ:

ಒಂದು ಸಣ್ಣ ವಿಷಯ ಸೇರಿಸುತ್ತೇನೆ. ನೈಟ್ ಲೈಟ್ ಬಟನ್ ಮಂಕಾಗಿ ಒತ್ತಲಿಕ್ಕೇ ಬರದಿದ್ದರೆ ಗ್ರಾಫಿಕ್ಸ್ ಡ್ರೈವರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಮತ್ತೆ ಹಾಕಿಸಿ. ಆಫ್ ಮಾಡಿದರೂ ಹಳದಿ ಹೋಗದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕೂ ಒಟ್ಟಿಗೆ ಒತ್ತಿ. ಒಂದು ಕ್ಷಣ ಕಪ್ಪಾಗಿ ಸರಿಯಾಗಿ ಬರುತ್ತದೆ. ಆಗಲೂ ಹೋಗದಿದ್ದರೆ ಲ್ಯಾಪ್‌ಟಾಪ್ ಕಂಪನಿಯದೇ 'ಐ ಕೇರ್' ಅಂತ ಇನ್ನೊಂದು ಆನ್ ಇರುತ್ತದೆ, ಅದನ್ನು ಹುಡುಕಿ.

ಸಾಗರ_ಸ್ಟುಡಿಯೋ:

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ನನ್ನ ಮನಸ್ಸಿನಿಂದ ಧನ್ಯವಾದ.

ಕಣ್ಣು ತೋರಿಸಿದೆ. ಚಾಳೀಸು ಬಂತು. ಉರಿ ನಿಜವಾಗಿಯೂ ಕಡಿಮೆಯಾಗಿದೆ.

ಕೆಲಸದ ಕ್ರಮವನ್ನೇ ಬದಲಾಯಿಸಿಕೊಂಡೆ. ಬಣ್ಣ ತಿದ್ದುವುದು ಬೆಳಿಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಎರಡು ಗಂಟೆ. ರಾತ್ರಿ ಪುಟ ಜೋಡಿಸುವುದು, ಹೆಸರು ಬರೆಯುವುದು, ಫೋಟೋ ಆರಿಸುವುದು. ಅದಕ್ಕೆ ಸ್ಕ್ರೀನ್ ಹಳದಿ ಇದ್ದರೂ ತೊಂದರೆ ಇಲ್ಲ. ಮೈದುನನಿಗೆ ಹೇಳಿದೆ, ನೀನು ಹಾಕಿದ್ದನ್ನು ತೆಗೆದಿಲ್ಲ ಕಣೋ, ಒಂಬತ್ತು ಗಂಟೆಗೆ ಇಟ್ಟುಕೊಂಡಿದ್ದೇನೆ ಅಂತ. ಕಲರಿಮೀಟರ್ ವಿಷಯವನ್ನು ಸಂಘದ ಸಭೆಯಲ್ಲಿ ಕೇಳಿದೆವು. ಆರು ಸ್ಟುಡಿಯೋದವರು ಸೇರಲು ಒಪ್ಪಿದ್ದಾರೆ.

ಧಾರೆಯಿಂದ ಮುಂದಿನ ಪುಟಗಳನ್ನೆಲ್ಲ ಅಂಕಿ ನೋಡಿಕೊಂಡು ಮತ್ತೆ ತಿದ್ದಿ, ನಮ್ಮ ಖರ್ಚಿನಲ್ಲೇ ಪ್ರಿಂಟ್ ಹಾಕಿಸಿದೆವು. ನಿನ್ನೆ ನಾನೇ ಅವರ ಮನೆಗೆ ತಗೊಂಡು ಹೋಗಿದ್ದೆ. ಆ ತಾಯಿ ಜಗಲಿಗೆ ಬಂದು ಬೆಳಕಿಗೆ ಹಿಡಿದು ನೋಡಿದರು. ಧಾರೆಯ ಪುಟದಲ್ಲಿ ಕೈ ನಿಂತಿತು. ಮಗಳ ಕೈ ಮೇಲೆ ಬೀಳುತ್ತಿರುವ ನೀರನ್ನು ಬೆರಳಿಂದ ಮುಟ್ಟಿ ನೋಡಿದರು.

ಗ್ರೇ ಕಾರ್ಡ್ ತರಿಸಿ ಯಜಮಾನರ ಕ್ಯಾಮೆರಾ ಬ್ಯಾಗಿಗೆ ಹಾಕಿದ್ದೇನೆ. ಭಾನುವಾರ ಸೊರಬದಲ್ಲಿ ಮದುವೆ ಇದೆ.